ಮುನಿಯಾಂಡಿಯ ಅಂಗಿಯೊಳಗೆ ಮಹೇಶ

ಬೆಳಗಿನ ಐದೂವರೆ. ಮಲೇಷ್ಯಾದ ಬ್ರಿಕ್‌ಫೀಲ್ಡ್ಸ್‌ನ ರೊಟ್ಟಿ ಅಂಗಡಿಯೊಂದರ ಕಾವಲಿಯ ಮುಂದೆ ಅರವತ್ನಾಲ್ಕರ ಮಹೇಶ ನಿಂತಿದ್ದಾರೆ. ಮೈದಾ ಉಂಡೆಯನ್ನು ಅದುಮಿ, ಎತ್ತಿ, ಮಣಿಕಟ್ಟನ್ನು ಒಮ್ಮೆ ಚಿಮ್ಮಿಸುತ್ತಾರೆ. ಅದು ಗಾಳಿಯಲ್ಲಿ ತಿರುಗಿ, ಒದ್ದೆ ಪಂಚೆಯಂತೆ ಹರಡಿ ಬೀಳುತ್ತದೆ. ಇಲ್ಲಿಯವರಿಗೆ ಇದು ರೊಟಿ ಚನಾಯ್. ನಮ್ಮ ಪರೋಟದ ದಾಯಾದಿ. ದಿನಕ್ಕೆ ಮುನ್ನೂರೈವತ್ತು. "ಭಾನುವಾರ ಐನೂರು ದಾಟತ್ತೆ ಸಾರ್. ಅರ್ಧ ಜನ ತಪಾವ್, ಕಟ್ಟಿಸ್ಕೊಂಡೇ ಹೋಗ್ತಾರೆ" ಎನ್ನುತ್ತಾರೆ.

ಈ ಮಣಿಕಟ್ಟು ಒಂದು ಕಾಲಕ್ಕೆ ಮಲೇಷ್ಯಾದ ಊರೂರುಗಳಲ್ಲಿ ದಾಂಡಿಗರ ಬೆವರಿಳಿಸಿತ್ತು ಎಂದು ಅವರೇ ಹೇಳಿದಾಗ ನಾನು ನಂಬಲಿಲ್ಲ. ಸುಳ್ಳೇಕೆ, ನಕ್ಕೂಬಿಟ್ಟೆ.

ಚನ್ನರಾಯಪಟ್ಟಣದ ಮಹೇಶ ಇಪ್ಪತ್ಮೂರರ ಹರೆಯದಲ್ಲಿ ಇಲ್ಲಿಗೆ ಬಂದು, ಸುಬಾಂಗ್ ಜಯಾದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ರೊಟ್ಟಿಗೆ ನಿಂತವರು. ಆ ಕಾರ್ಖಾನೆಗೊಂದು ಬೇಸ್‌ಬಾಲ್ ತಂಡವಿತ್ತು. ಭಾನುವಾರ ಲಾರಿ ಹತ್ತಿ ಯಾವುದೋ ಊರಿಗೆ ಹೋಗುವುದು, ಅಲ್ಲಿ ಸಿಕ್ಕವರೊಡನೆ ಆಡುವುದು, ಗೆದ್ದರೆ ಜೀವಂತ ಕೋಳಿಗಳೊಂದಿಗೆ ಮರಳುವುದು. ತಂಡದ ಎಸೆತಗಾರ ಮುನಿಯಾಂಡಿಗೆ ನೌಕರಿ ಸಿಕ್ಕಿದ್ದೇ ತೋಳಿನ ಬಲದಿಂದ. ಒಂದು ದಿನ ಯಂತ್ರಕ್ಕೆ ಸಿಕ್ಕಿ ಆ ಭುಜ ನುಜ್ಜುಗುಜ್ಜಾಯಿತು.

"ಎಸೆತ ಹೋದ್ರೆ ಕೆಲಸಾನೂ ಹೋಗ್ತಿತ್ತು. ಮೂರು ಮಕ್ಕಳು ಅವನಿಗೆ. ಅಡುಗೆಮನೆ ಹಿಂದೆ ನಾವಿಬ್ರೂ ಚೆಂಡಾಡ್ತಿದ್ವಿ, ನನ್ನ ಕೈ ಅವನಿಗೆ ಗೊತ್ತಿತ್ತು. 'ನನ್ನ ಅಂಗಿ ನೀನು ಹಾಕ್ಕೋ' ಅಂದ. ಹಾಕ್ಕೊಂಡೆ."

ಏಳು ವರ್ಷ, ಇನ್ನೂರಕ್ಕೂ ಹೆಚ್ಚು ಪಂದ್ಯ. ಊರೂರು ಸುತ್ತುವ ಆಟಕ್ಕೆ ಕಾರ್ಖಾನೆಯ ದೊಡ್ಡ ಸಾಹೇಬರು ಬರುತ್ತಿರಲಿಲ್ಲ. ತಂಡದವರು ತುಟಿ ಪಿಟಕ್ಕೆನ್ನಲಿಲ್ಲ. ಜನ 'ಮುನಿಯಾಂಡಿ' ಎಂದು ಕೂಗಿದರೆ ಮಹೇಶ ಕೈಯೆತ್ತುತ್ತಿದ್ದರು. ನಿಲಾಯ್‌ನಲ್ಲೊಮ್ಮೆ ಕಾವಲಿಯಿಂದ ನೇರ ಲಾರಿ ಹತ್ತಿ, ಕೈ ತೊಳೆಯದೆ ಮೈದಾನಕ್ಕಿಳಿದರು. ಚೆಂಡು ಹಾವಿನಂತೆ ಹೊರಳಿತು. ಅಂಪೈರ್ ಅದನ್ನು ಮೂಗಿಗೆ ಹಿಡಿದರೆ ರೊಟ್ಟಿಗೆ ಹಚ್ಚುವ ಮಾರ್ಗರೀನ್ ವಾಸನೆ! "ಸೋಪು ಹಾಕಿ ತೊಳ್ಕೊಂಡು ಬಾ ಅಂದ್ರು. ಬಂದೆ. ಆಮೇಲೂ ಒಂಬತ್ತು ಜನರ ಬ್ಯಾಟಿಗೆ ಚೆಂಡು ತಾಕ್ಲಿಲ್ಲ ಸಾರ್." ಇದನ್ನು ಅವರು ಉಪ್ಪು ಕಡಿಮೆಯಾಯಿತು ಎಂಬಷ್ಟು ಸಲೀಸಾಗಿ ಹೇಳುತ್ತಾರೆ.

ನಿಲಾಯ್‌ನಲ್ಲಿರುವ ಮುನಿಯಾಂಡಿಗೆ ಈಗ ಎಪ್ಪತ್ತು. ಬಲಗೈ ಭುಜದಿಂದ ಮೇಲೇಳದು. ತಮಿಳಿನಲ್ಲಿ ಅವರು ಹೇಳಿದ್ದಿಷ್ಟು: "ಅವನ ಕೀರ್ತಿಯನ್ನು ಇಷ್ಟು ವರ್ಷ ನಾನು ಉಂಡೆ. ಇನ್ನು ಸಾಕು. ನಾನು ಕಣ್ಣು ಮುಚ್ಚುವ ಮೊದಲು ನಿಜ ಬರೆಯಿರಿ."

ಮಹೇಶ ಒಪ್ಪಲಿಲ್ಲ. "ಬೇಡ ಲಾ! ತಾತನ ಆಟದ ಕಥೆ ಕೇಳ್ಕೊಂಡು ಅವನ ಮೊಮ್ಮಕ್ಕಳು ಬೆಳೆದವ್ರೆ. ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋದಾ?" ಬರೆಯುವ ಆಸೆ ಬಿಟ್ಟುಬಿಟ್ಟೆ.

ಊರಿಗೆ ಹೊರಡುವ ಮುನ್ನಾದಿನ, ಬರೀ ಕುತೂಹಲಕ್ಕೆ, ಸುಬಾಂಗ್ ಜಯಾದ ಕ್ರೀಡಾ ಕ್ಲಬ್ಬೊಂದಕ್ಕೆ ಹೋದೆ. ಗಾಜಿನ ಕಪಾಟಿನಲ್ಲಿ ಹಳೆಯ ಚೆಂಡೊಂದಿತ್ತು. ಕೆಳಗಿನ ಚೀಟಿಯಲ್ಲಿ 'ಆಟಗಾರ ಮುನಿಯಾಂಡಿ, ಸ್ವಂತ ಹಸ್ತಾಕ್ಷರ'. ಬಗ್ಗಿ ನೋಡಿದೆ. ಮಾಸಿದ ನೀಲಿ ಶಾಯಿಯಲ್ಲಿ, ಅಚ್ಚ ಕನ್ನಡದಲ್ಲಿ, 'ಮಹೇಶ'. ಎಷ್ಟು ಜನ ಈ ಗಾಜಿನ ಮುಂದೆ ನಿಂತು ಹೋಗಿದ್ದಾರೋ!

ಓಡಿಬಂದು ಹೇಳಿದರೆ ಮಹೇಶರ ಕೈಯ ಉಂಡೆ ಹಾಗೇ ನಿಂತಿತು. "ಯಾರೋ ಚೆಂಡು ಕೊಟ್ಟು ಸಹಿ ಕೇಳಿದ್ರು. ಗಡಿಬಿಡಿಲಿ ನನ್ ಹೆಸರೇ ಬರೆದ್ಬಿಟ್ಟೆ. ಓದೋರಿಲ್ದೆ ಬಚಾವಾದೆ. ಇನ್ನೂ ಇಟ್ಟವ್ರಾ ಅದನ್ನ?"

ಇಟ್ಟಿದ್ದಾರೆ ಎಂದೆ. ನಾಲ್ಕು ರೊಟ್ಟಿ ಬೆಂದ ಮೇಲೆ ಕೈ ಒರೆಸಿಕೊಂಡರು.

"ಕನ್ನಡ ಪೇಪರಲ್ಲಾದ್ರೆ ಬರೀರಿ. ಇಲ್ಲಿ ಯಾರೂ ಓದಲ್ಲ, ಮುನಿಯಾಂಡಿ ಹೆಸರು ಇದ್ದಂಗೇ ಇರತ್ತೆ. ಊರಲ್ಲಿ ನಮ್ಮಕ್ಕ ಭಾನುಮತಿ ಇದಾಳೆ. ನಾನು ರೊಟ್ಟಿ ಬೇಯ್ಸೋನು ಅಂತಷ್ಟೇ ಅವಳಿಗೆ ಗೊತ್ತು. ಓದಿದ್ರೂ ನಂಬಲ್ಲ ಬಿಡಿ. ಆದ್ರೂ ಸಾರ್, ಹೆಸರು ನಂದೇ ಹಾಕಿ."