ಸಲೂದಳ ಗೇಟಿನ ಮುಂದೆ ನಿಲ್ಲುತ್ತಿದ್ದ ಹೆಣದ ಗಾಡಿ

ಲುಂಬಾಂಗನ್‌ನಲ್ಲಿ ಸತ್ತವರು ಯಾರೇ ಆಗಲಿ, ಮೇಯರನ ಅತ್ತೆಯಾಗಲಿ, ಕೋಳಿ ಅಂಕದ ಜೂಜುಗಾರನಾಗಲಿ, ಕೊನೆಯ ಸವಾರಿ ಮಾಡಿದ್ದು ಮಾಂಗ್ ತೆರ್ಯೋನ ಬೆನ್ನ ಹಿಂದೆ ಮಲಗಿಯೇ. ಹೆಣದ ಗಾಡಿಯ ಡ್ರೈವರೂ ಅವನೇ, ಮೆಕ್ಯಾನಿಕ್ಕೂ ಅವನೇ. ಗಾಡಿ ಎಂದರೆ ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು. ಯಾರೋ ಅದರ ಬೆನ್ನು ಕೊಯ್ದು, ಗಾಜು ಕೂರಿಸಿ, ಮೇಲೊಂದು ಪ್ಲೈವುಡ್ ಗೋಪುರ ಎಬ್ಬಿಸಿ ಬಿಳಿ ಬಣ್ಣ ಬಳಿದಿದ್ದರು.

ನಮ್ಮಲ್ಲಿ ಹೆಣದ ಹಿಂದೆ ಊರೇ ನಡೆಯುತ್ತದೆ, ಇಗರ್ಜಿಯಿಂದ ಸ್ಮಶಾನದವರೆಗೆ, ಬಿಸಿಲಿನಲ್ಲಿ, ಕೊಡೆ ಹಿಡಿದು. ಹಾಗಾಗಿ ಈ ಗಾಡಿಗೆ ಓಡುವ ಶಕ್ತಿ ಬೇಡ, ಅಜ್ಜಿಯರ ಹೆಜ್ಜೆಗೆ ಸರಿಯಾಗಿ ತೆವಳುವ ಸಹನೆ ಬೇಕು. ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ತನ್ನಷ್ಟಕ್ಕೆ ಗುನುಗುತ್ತಿರಬೇಕು. ಇದು ಗುನುಗುತ್ತಿರಲಿಲ್ಲ. ಕೆಮ್ಮುತ್ತಿತ್ತು, ತೊದಲುತ್ತಿತ್ತು, ಶವಪೆಟ್ಟಿಗೆಯನ್ನು ಗಡಗಡ ನಡುಗಿಸುತ್ತಿತ್ತು. ಸೇತುವೆ ಏರಿ ಬಿಸಿಯಾಗಿ, ಇಳಿದು, ತಿರುವಿನಲ್ಲಿ ಬ್ರೇಕು ಒತ್ತುತ್ತಲೇ ತಾನೂ ಪ್ರಾಣ ಬಿಡುತ್ತಿತ್ತು. ಆ ತಿರುವಿನಲ್ಲೇ ಇದ್ದದ್ದು ಮೀನು ಮಾರುವ ಸಲೂದಳ ಗೇಟು.

ಹೆಣದ ಗಾಡಿ ಯಾರ ಮನೆ ಮುಂದೆ ನಿಂತರೂ ಸತ್ತವರಿಗೆ ಆ ಮನೆಯ ಮೇಲೆ ತಕರಾರಿದೆ ಎಂದೇ ನಮ್ಮ ಜನರ ಲೆಕ್ಕ. ಒಂದರ ಹಿಂದೊಂದು ಹೆಣ ಅಲ್ಲೇ ನಿಂತಾಗ ಊರು ತೀರ್ಪು ಕೊಟ್ಟಿತು.

“ತಕ್ಕಡಿ ವಿಚಾರ ಕೇಳೋಕೆ ನಿಲ್ತಾವ್ರೆ ಕಣೇ,” ಎಂದಳು ತರಕಾರಿ ಅಂಗಡಿಯ ಪುರಿಂಗ್. “ಅವ್ರು ಬದುಕಿದ್ದಾಗ ಇವ್ಳು ಮೀನು ಕಮ್ಮಿ ತೂಗಿದ್ಲಲ್ಲ!”

ಊರಿನಲ್ಲಿ ನೆಟ್ಟಗಿದ್ದ ತಕ್ಕಡಿ ಸಲೂದಳದೊಂದೇ. ನೆಟ್ಟಗಿಲ್ಲದ್ದು ಅವಳ ನಾಲಿಗೆ. ಆದರೂ ಜನ ಸಂತೆಯಲ್ಲಿ ಅವಳ ಮೀನಿನ ಹಲಗೆ ದಾಟಿ ಮುಂದೆ ಹೋದರು. ಅವಳ ಮೀನು ತಿಂದು ಸಂತೆಯ ಬೆಕ್ಕುಗಳು ಕೊಬ್ಬಿದವು.

ಅವಳ ಗಂಡ ಆಂಬೋ ಹಾಸಿಗೆ ಹಿಡಿದ ಕಾಲ ಅದು. ಒಂದು ಮಧ್ಯಾಹ್ನ ಅವಳು ತೆರ್ಯೋನ ಶೆಡ್ಡಿಗೆ ಬಂದಳು.

“ತೆರ್ಯೋ, ನಮ್ ಆಂಬೋ ಇನ್ನು ಜಾಸ್ತಿ ದಿನ ಇರಲ್ಲ. ಅವನ ಹೆಣಾನೂ ನಮ್ಮನೆ ಮುಂದೆ ನಿಂತ್ರೆ, ಕಟ್ಕೊಂಡ ಗಂಡಂಗೂ ಮೋಸ ಮಾಡಿದ್ಲು ಅಂತಾರೆ. ಆಮೇಲೆ ನಾನು ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನಿನ್ನ ಈ ಮುದಿ ಕತ್ತೆ ಅಲ್ಲಿ ನಿಲ್ಲದ ಹಾಗೆ ಮಾಡು.”

“ಇಂಜಿನ್ ವೇಗದ ಸ್ಕ್ರೂ ಒಂಚೂರು ತಿರುಗಿಸ್ತೀನಿ ಬಿಡಿ, ಆಲಿಂಗ್ ಸಲೂದ್,” ಎಂದ ತೆರ್ಯೋ. ಮಾಂಗ್ ಅಂದರೆ ನಮ್ಮಲ್ಲಿ ಅಣ್ಣ, ಆಲಿಂಗ್ ಅಂದರೆ ಅಕ್ಕ.

ತಿರುಗಿಸಿದ. ನಿವೃತ್ತ ಪೋಸ್ಟ್‌ಮಾಸ್ಟರನ ಶವಯಾತ್ರೆ ಓಟದ ಪಂದ್ಯವಾಯಿತು. ಪಾದ್ರಿ ನಿಲುವಂಗಿ ಎತ್ತಿಕೊಂಡು ಓಡಿದರು, ವಿಧವೆಯ ಚಪ್ಪಲಿ ಸೇತುವೆಯ ಮೇಲೆ ಉಳಿಯಿತು. ಜೀವಮಾನದಲ್ಲಿ ಒಂದು ಕಾಗದವನ್ನೂ ಹೊತ್ತಿಗೆ ಮುಟ್ಟಿಸದ ಮಹಾನುಭಾವ ಅಂದು ಎಲ್ಲರಿಗಿಂತ ಮುಂದಿದ್ದ. ಸಲೂದಳ ಗೇಟು ಬಂತು, ಇಂಜಿನ್ ಸತ್ತಿತು.

ಮರುದಿನ ತೆರ್ಯೋ ಯುದ್ಧ ಸಾರಿದ. ಇಷ್ಟು ವರ್ಷ ಅವನು ತಣ್ಣಗಿದ್ದ ಇಂಜಿನ್ನನ್ನೇ ಪರೀಕ್ಷಿಸುತ್ತಿದ್ದ. ಈ ಸಲ ಗಾಡಿಯನ್ನು ಸೇತುವೆ ಹತ್ತಿಸಿ, ಕುದಿಯುವಷ್ಟು ಬಿಸಿ ಮಾಡಿ ತಂದು ಬಾನೆಟ್ ಎತ್ತಿದ. ಕಾರ್ಬುರೇಟರಿನ ಸುತ್ತ ಕಪ್ಪು ರಬ್ಬರ್ ಪೈಪುಗಳು ಹಾವಿನ ಹುತ್ತ ಒಡೆದಂತೆ ಹೆಣೆದುಕೊಂಡಿದ್ದವು. ಇಂಜಿನ್ ಉಸಿರಾಡಬೇಕಾದ್ದು ಕಾರ್ಬುರೇಟರಿನ ಬಾಯಿಂದ. ಬೇರೆಲ್ಲಿಂದಲೋ ಕದ್ದು ಗಾಳಿ ಎಳೆದರೆ ತೊದಲುತ್ತದೆ. ತೆರ್ಯೋ ಒಂದು ಬಿಡಿ ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ವೈದ್ಯನಂತೆ ಅಲ್ಲಲ್ಲಿ ಹಿಡಿಯುತ್ತ ಹೋದ. ಹಿಂದುಗಡೆ, ಬ್ರೇಕಿಗೆ ಹೋಗುವ ದಪ್ಪ ಪೈಪಿನ ಅಡಿಯಲ್ಲಿ, ‘ಸುಸ್’ ಎಂದಿತು. ಬಿಸಿಗೆ ಮಾತ್ರ ಬಾಯಿ ಬಿಡುವ ಬಿರುಕು! ಸೇತುವೆ ಏರಿ ಬಿಸಿಯಾಗಿ ಬ್ರೇಕು ಒತ್ತಿದಲ್ಲೇ ಗಾಡಿ ಸಾಯುತ್ತಿದ್ದದ್ದು ಇದರಿಂದಲೇ.

ಪೈಪು ಬದಲಿಸಿ ಕ್ಲಿಪ್ ಬಿಗಿದ. ಅದಲುಬದಲಾಗಿದ್ದ ಎರಡು ಸಣ್ಣ ಪೈಪುಗಳನ್ನು ತಂತಮ್ಮ ಜಾಗಕ್ಕೆ ಸೇರಿಸಿದ. ಸ್ಕ್ರೂವನ್ನು ಕೂದಲೆಳೆಯಷ್ಟು ಹಿಂದಕ್ಕೆ, ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿದ. ಕೊನೆಗೆ ಓಡುತ್ತಿದ್ದ ಇಂಜಿನ್ನಿನ ಮೇಲೆ ತುಂಬಿದ ಜಿನ್ ಗ್ಲಾಸು ಇಟ್ಟ. ಒಂದು ಹನಿಯೂ ತುಳುಕಲಿಲ್ಲ.

ಆ ಜಿನ್ನನ್ನು ಅವನು ಕುಡಿಯಲಿಲ್ಲ. ಆಂಬೋ ಹೋದನೆಂಬ ಸುದ್ದಿ ಅಷ್ಟರಲ್ಲಿ ಬಂತು. ಗ್ಲಾಸನ್ನು ಎತ್ತಿ, ಸತ್ತವನ ಪಾಲೆಂದು ಪೂರ್ತಿ ನೆಲಕ್ಕೆ ಸುರಿದ.

ಆಂಬೋನ ಹಿಂದೆ ನಡೆದವರಲ್ಲಿ ಅಳಲು ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ಗಾಡಿ ಸೇತುವೆ ಏರಿತು, ಇಳಿಯಿತು. ತಿರುವಿನಲ್ಲಿ ಬ್ರೇಕು ಬಿತ್ತು. ಇಂಜಿನ್ ಗುನುಗುತ್ತಲೇ ಗೇಟಿನೆದುರು ಬಂತು. ಆಗ ಯಾರೋ ಹಿಂಬದಿಗೆ ಅಂಗೈಯಿಂದ ಬಡಿದರು.

“ನಿಲ್ಸೋ ತೆರ್ಯೋ!” ಸಲೂದ್.

ತೆರ್ಯೋ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ನಿಲ್ಬಾರ್ದು ಅಂದಿದ್ರಲ್ಲ!”

“ಅದಾಗೇ ನಿಲ್ಬಾರ್ದು ಅಂದೆ. ಈಗ ನಾನು ನಿಲ್ಲಿಸ್ತಿದೀನಿ. ಅವನು ಮನೆ ನೋಡ್ಕೊಂಡು ಹೋಗ್ಲಿ.”

ಗಾಡಿ ನಿಂತಿತು. ಇಂಜಿನ್ ಇನ್ನೇನು ಸಾಯುತ್ತದೆ ಎಂದು ಊರೇ ಉಸಿರು ಬಿಗಿಹಿಡಿಯಿತು. ಸಲೂದ್ ಗಾಜಿನ ಮೇಲೆ ಕೈಯಿಟ್ಟಳು.

“ಆಂಬೋ, ಸೋರೋ ಚಾವಣಿ ನಾನು ಸರಿ ಮಾಡಿಸ್ತೀನಿ. ದೋಣಿ ನಿನ್ನ ತಮ್ಮಂಗೆ ಹೋಗುತ್ತೆ.” ಅಂಗೈಯಿಂದ ಗಾಜಿನ ಧೂಳು ಒರೆಸಿದಳು. “ನನ್ನ ಮೇಲೆ ಏನಾದ್ರೂ ದೂರಿದ್ರೆ ಈಗ್ಲೇ ಹೇಳ್ಬಿಡು. ಎಲ್ಲಾರೂ ಕೇಳಿಸ್ಕೊಳ್ಲಿ.”

ನಾವೆಲ್ಲ ಕೇಳಿಸಿಕೊಂಡೆವು. ಇಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಸ್ಟೀರಿಂಗ್ ಹಿಡಿದ ತೆರ್ಯೋನ ಕಣ್ಣಿಂದ ನೀರಿಳಿಯುತ್ತಿತ್ತು.

“ಏನೂ ಇಲ್ವಂತೆ,” ಎಂದಳು ಸಲೂದ್. “ನಡಿ.”

ಗಾಡಿ ತೆವಳತೊಡಗಿತು. ಪುರಿಂಗ್ ಹತ್ತಿರ ಬಂದು ತನ್ನ ಕೊಡೆಯನ್ನು ಸಲೂದಳ ತಲೆಯ ಮೇಲೆ ಹಿಡಿದಳು.

“ಸಂತೆಗೆ ಬಂದಾಗ ನಂಗೆ ಅರ್ಧ ಕಿಲೋ ಮೀನು ಎತ್ತಿಡು,” ಎಂದಳು ಪುರಿಂಗ್ ಮೆಲ್ಲಗೆ.

“ನಿಂಗೆ ಮಾತ್ರ ಕಮ್ಮೀನೇ ತೂಗೋದು,” ಎಂದು ಸಲೂದ್ ಕಣ್ಣೊರೆಸಿಕೊಂಡಳು.