ಕತ್ತರಿ ಅಕ್ಕನ ಚಿತ್ರಪಾಠ

ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದ ಮೊದಲ ವಾರದಲ್ಲೇ ಅವಳಿಗೆ ಕತ್ತರಿ ಅಕ್ಕ ಎಂಬ ಹೆಸರು ಬಿತ್ತು. ತರಗತಿಯಲ್ಲಿ ಉಳಿದವರೆಲ್ಲ ಮೊನ್ನೆ ಮೊನ್ನೆ ಪರೀಕ್ಷೆ ಮುಗಿಸಿ ಬಂದ ಹುಡುಗ ಹುಡುಗಿಯರು. ಇವಳೊಬ್ಬಳು ಹೈಸ್ಕೂಲಿಗೆ ಹೋಗುವ ಮಗಳ ತಾಯಿ. ಮದುವೆಗೆ ಮುಂಚಿನಿಂದಲೂ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು. ಸೀಮೆಸುಣ್ಣದ ಗೆರೆ ಎಲ್ಲಿದೆಯೋ ಕತ್ತರಿ ಅಲ್ಲೇ ಹೋಗಬೇಕು, ಕೂದಲೆಳೆಯಷ್ಟು ಆಚೆ ಹೋದರೂ ಅಂಗಿಯ ತೋಳು ಗಿಡ್ಡ. ಅವಳ ಕೈ ಕಲಿತಿದ್ದ ವಿದ್ಯೆ ಅದು. ಅಂಗಡಿ ಮುಚ್ಚಿದಾಗ ಗಂಡ, “ಟೀಚರ್ ಆಗ್ಬೇಕು ಅಂತ ಮೊದಲಿಂದ ನೀನೇ ಹೇಳ್ತಿದ್ದೆ. ಈಗಾದ್ರೂ ಓದು,” ಅಂದ. ಅವಳು ಹೂಂ ಅಂದಳು. ಮನಶ್ಶಾಸ್ತ್ರ, ಗಣಿತ, ಪಾಠ ಯೋಜನೆ ಎಲ್ಲವೂ ಹೇಗೋ ತಲೆಗೆ ಹತ್ತಿದವು. ಕಬ್ಬಿಣದ ಕಡಲೆಯಾದದ್ದು, ಎಲ್ಲರೂ ಆಟದ ಪೀರಿಯಡ್ ಎಂದುಕೊಂಡಿದ್ದ ಚಿತ್ರಕಲೆ.

ಚಿತ್ರಕಲೆಯ ಮೇಷ್ಟ್ರು ಸಣಕಲು ಮನುಷ್ಯ. ಅಂಗಿಯ ತೋಳಿನ ತುದಿಯಲ್ಲಿ ಒಣಗಿದ ಅಂಟು ಯಾವಾಗಲೂ ಇರುತ್ತಿತ್ತು. ಮೊದಲ ಪಾಠಕ್ಕೆ ಅವರು ಬಣ್ಣದ ಕಾಗದದಲ್ಲಿ ಮಾಡಿದ ಒಂದು ಹಕ್ಕಿ ತಂದು ಮೇಜಿನ ಮೇಲಿಟ್ಟು, “ಇದನ್ನ ನೋಡ್ಕೊಂಡು ನೀವೂ ಒಂದೊಂದು ಹಕ್ಕಿ ಮಾಡಿ,” ಅಂದರು. ಉಳಿದವರ ಹಕ್ಕಿಗಳು ಒಂದು ಕೋಳಿಯಂತೆ, ಇನ್ನೊಂದು ಚಪ್ಪಲಿಯಂತೆ ಆದವು. ಇವಳದು ಮಾತ್ರ ಮೇಷ್ಟ್ರ ಹಕ್ಕಿಯ ಅವಳಿ. ಅವರು ಎರಡನ್ನೂ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದರಲ್ಲಿ ನನ್ನದ್ಯಾವುದು?” ಅಂದರು. ತರಗತಿ ಚಪ್ಪಾಳೆ ಹೊಡೆಯಿತು. ಅವಳ ಮುಖ ಊರಗಲವಾಯಿತು.

“ಸರಿ,” ಅಂದರು ಮೇಷ್ಟ್ರು. “ನಿಮ್ಮ ಹಕ್ಕಿ ಎಲ್ಲಿ?”

“ಇದೇ ಸರ್.”

“ಇದು ನನ್ನ ಹಕ್ಕಿ ಕಣಮ್ಮ. ನಾನು ಕೇಳ್ತಿರೋದು ನಿಮ್ಮದು.”

ಅಗಲವಾಗಿದ್ದ ಮುಖ ಇಷ್ಟೇ ಇಷ್ಟಾಯಿತು. ಚಪ್ಪಲಿ ಹಕ್ಕಿಗೆ ಅವಳ ಹಕ್ಕಿಗಿಂತ ಹೆಚ್ಚು ಅಂಕ ಬಂತು.

ಮುಂದಿನ ಕೆಲಸ, ಚಪ್ಪಲಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಕೋಣೆ ಮಾಡುವುದು. ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದವಳನ್ನು ಮಗಳು ನೋಡಿದಳು.

“ಏನಮ್ಮ, ನಿನ್ನ ಹೋಮ್‌ವರ್ಕ್ ಇನ್ನೂ ಆಗಿಲ್ವಾ?”

“ಮಾದರಿ ಕೊಡ್ಲಿಲ್ಲ ಕಣೇ ಈ ಸಲ.”

“ಕೊಡದಿದ್ರೆ ಒಳ್ಳೇದೇ ಆಯ್ತಲ್ಲ. ಏನಾದ್ರೂ ಹುಚ್ಚುಚ್ಚಾಗಿ ಮಾಡು. ಅವರಿಗೆ ಅದೇ ಇಷ್ಟ.”

ಹೊಲಿಗೆ ಅಂಗಡಿಯಿಂದ ತಂದಿಟ್ಟಿದ್ದ ಚಿಂದಿ ಬಟ್ಟೆಯ ಗಂಟು ಬಿಚ್ಚಿ, ಅವಳು ಜೀವಮಾನದಲ್ಲೇ ಮೊದಲ ಸಲ ಅಳತೆ ಇಲ್ಲದೆ ಕತ್ತರಿಸಿದಳು. ಪೆಟ್ಟಿಗೆಯೊಳಗೆ ಕೆಂಪಿನ ಮೇಲೆ ನೀಲಿ, ನೀಲಿಯ ಮೇಲೆ ಹಳದಿ ಎಂದು ಅಂಟಿಸುತ್ತಾ ಹೋದಳು. ಚೆನ್ನಾಗಿದೆಯೋ ಕೆಟ್ಟಿದೆಯೋ ಅವಳಿಗೇ ತಿಳಿಯಲಿಲ್ಲ. ಮರುದಿನ ತರಗತಿಯಲ್ಲಿ ಮೇಷ್ಟ್ರು ಪೆಟ್ಟಿಗೆಯೊಳಗೆ ಇಣುಕಿ ನೋಡಿದರು.

“ಬಣ್ಣ ಚೆನ್ನಾಗಿ ಬಂದಿದೆ. ಆದ್ರೆ ನಾನು ಹೇಳಿದ್ದು ಕೋಣೆ ಅಂತ. ಬಾಗಿಲೇ ಇಲ್ವಲ್ಲ, ಜನ ಒಳಗೆ ಹೋಗೋದು ಹೇಗೆ?”

ಅವತ್ತು ಮನೆಗೆ ಬಂದವಳೇ ಚೀಲ ಎಸೆದು ಕೂತಳು. “ಹೇಳಿದ ಹಾಗೆ ಮಾಡಿದ್ರೆ ನಿಮ್ಮದೆಲ್ಲಿ ಅಂತಾರೆ. ನಂದು ಮಾಡಿದ್ರೆ ಹೇಳಿದ್ದೆಲ್ಲಿ ಅಂತಾರೆ. ಆ ಮನುಷ್ಯನಿಗೆ ಬೇಕಾಗಿರೋದಾದ್ರೂ ಏನು?” ಗಂಡ ಪೇಪರಿನಿಂದ ತಲೆ ಎತ್ತಿ, “ಪಾಪ, ಅವರಿಗೂ ಗೊತ್ತಿರಲ್ಲ ಬಿಡು,” ಅಂದ. ಅದು ಸಮಾಧಾನವೋ ತಮಾಷೆಯೋ ಎಂದು ಅವಳು ಕೇಳಲು ಹೋಗಲಿಲ್ಲ. ತಲೆ ಆಗಲೇ ಮೊಸರು ಗಡಿಗೆಯಾಗಿತ್ತು.

ಬೋಧನೆಯ ಅಭ್ಯಾಸಕ್ಕೆ ಅವಳನ್ನು ಹತ್ತಿರದ ಪ್ರಾಥಮಿಕ ಶಾಲೆಯ ಎರಡನೇ ತರಗತಿಗೆ ಹಾಕಿದರು. ಕಲಿಯುವಾಗ ಕಂಗಾಲಾದರೂ ಕಲಿಸುವಾಗ ದಾರಿ ಕಾಣುತ್ತದೆ ಎಂದುಕೊಂಡು, ಮೊದಲ ಪಾಠಕ್ಕೆ ಕಾಗದದ ತಟ್ಟೆಯ ಮುಖವಾಡ ಆರಿಸಿಕೊಂಡಳು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತಿದ್ದರು.

“ನಿಮ್ಮ ಮನೇಲಿರೋ ಒಬ್ಬರ ಮುಖ ಮಾಡಿ. ಬಣ್ಣ ಹಚ್ಚಿ, ಕೂದಲು ಅಂಟಿಸಿ, ಕಣ್ಣಿನ ಜಾಗದಲ್ಲಿ ತೂತು ಮಾಡಿ. ಆಮೇಲೆ ಎಲ್ಲರೂ ಮುಖಕ್ಕೆ ಹಿಡ್ಕೊಂಡು ಆಟ ಆಡೋಣ.”

ಮಕ್ಕಳು ಮುಗಿಬಿದ್ದರು. ಅಂಟು ಕಾಗದಕ್ಕಿಂತ ಕೈಗೇ ಹೆಚ್ಚು ಹತ್ತಿತು. ಕಿಟಕಿಯ ಪಕ್ಕದಲ್ಲಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ನಾಲಗೆ ಹೊರಗೆ ಚಾಚಿಕೊಂಡು ತಟ್ಟೆಯ ಮೇಲೆ ಕಪ್ಪು ಮೀಸೆ ಬರೆಯುತ್ತಿದ್ದಳು. ಮೀಸೆ, ಗಡ್ಡ, ನೂಲಿನ ಕೂದಲು ಎಲ್ಲ ಬಂದಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಬಾಗಿದ ಗೆರೆ. ಶಾಲೆಯ ಮೊಂಡು ಕತ್ತರಿ ಕಾಗದವನ್ನು ಕಚ್ಚುತ್ತಿಲ್ಲ, ಪಾಪ ಮಗುವಿಗೆ ಆಗುತ್ತಿಲ್ಲ ಎಂದುಕೊಂಡಳು ಕತ್ತರಿ ಅಕ್ಕ. ತಟ್ಟೆ ತೆಗೆದುಕೊಂಡು ತನ್ನ ಕತ್ತರಿಯ ಮೊನೆಯಿಂದ ಚಕಚಕನೆ ಎರಡು ದುಂಡನೆಯ ಕಣ್ಣು ಕೊರೆದು, “ತಗೋ ಪುಟ್ಟಿ, ಈಗ ಕಾಣ್ಸುತ್ತೆ,” ಅಂತ ವಾಪಸು ಕೊಟ್ಟಳು.

ಗುಬ್ಬಿ ತಟ್ಟೆಯನ್ನೇ ನೋಡಿದಳು. ಕೆಳತುಟಿ ಮುಂದೆ ಬಂತು. ಆಮೇಲೆ ಇಡೀ ತರಗತಿ ತಿರುಗಿ ನೋಡುವಂತೆ ಗೋಳೋ ಎಂದು ಅತ್ತಳು.

“ಯಾಕೆ ಪುಟ್ಟಿ? ಏನಾಯ್ತು?”

“ಅಪ್ಪನ್ನ ಎಬ್ಬಿಸ್ಬಿಟ್ರಿ!”

ಬಿಕ್ಕುತ್ತಾ ಬಿಕ್ಕುತ್ತಾ ಹೇಳಿದ್ದು ಇಷ್ಟು: ಅಪ್ಪ ಕಾರ್ಖಾನೆಯ ರಾತ್ರಿ ಪಾಳಿಗೆ ಹೋಗುತ್ತಾನೆ. ಅವಳು ಶಾಲೆಗೆ ಹೊರಡುವಾಗ ಮಲಗಿರುತ್ತಾನೆ, ಬಂದಾಗಲೂ ಮಲಗಿರುತ್ತಾನೆ. ಸದ್ದು ಮಾಡಿ ಎಬ್ಬಿಸಿದರೆ ಅಮ್ಮನಿಂದ ಬೈಗುಳ. ಆ ಎರಡು ಗೆರೆ ಅವನ ಕಣ್ಣು.

ಕತ್ತರಿ ಅಕ್ಕನ ಹೊಲಿಗೆಯ ಬುದ್ಧಿ ಮೊದಲು ಓಡಿದ್ದು ತೇಪೆಯ ಕಡೆಗೆ. ಹಿಂದಿನಿಂದ ಬಿಳಿ ಕಾಗದ ಅಂಟಿಸಿ ಮತ್ತೆ ಗೆರೆ ಎಳೆದಳು. ಅಪ್ಪ ಮಲಗಿದವನಂತೆ ಕಾಣಲಿಲ್ಲ. ಕಣ್ಣಿಗೆ ಏಟು ತಿಂದು ಪಟ್ಟಿ ಕಟ್ಟಿಸಿಕೊಂಡವನಂತೆ ಕಂಡ. ಗುಬ್ಬಿಯ ಅಳು ಇನ್ನೊಂದು ಸುತ್ತು ಜೋರಾಯಿತು. ಗಂಟೆ ಹೊಡೆಯಿತು.

ಮೇಷ್ಟ್ರು ಎದ್ದು ಹೋದರು. ಸಂಜೆ ನೋಡಿದರೆ, ಆ ಪಾಠಕ್ಕೆ ಅವಳಿಗೆ ಬಂದಿದ್ದು ಅಲ್ಲಿಯವರೆಗಿನ ಎಲ್ಲಕ್ಕಿಂತ ಒಳ್ಳೆಯ ಅಂಕ! ಅವಳು ಸೀದಾ ಅವರ ಕೋಣೆಗೆ ನುಗ್ಗಿದಳು.

“ಸರ್, ಇದು ತಪ್ಪು. ಮಗೂನ ಅಳಿಸಿದ್ದಕ್ಕೆ ಅಂಕ ಕೊಡ್ತಾರಾ?”

“ಅಳಿಸಿದ್ದಕ್ಕೆ ಕೊಟ್ಟಿಲ್ಲ. ಯಾಕೆ ಅಳ್ತಿದ್ದಾಳೆ ಅಂತ ಕೇಳಿದ್ರಲ್ಲ, ಅದಕ್ಕೆ ಕೊಟ್ಟೆ.”

“ಹಾಗಾದ್ರೆ ಮಕ್ಕಳ ಕೆಲಸಕ್ಕೆ ಕೈ ಹಾಕಬಾರದಾ?”

ಮೇಷ್ಟ್ರು ತೋಳಿನ ಅಂಟನ್ನು ಉಗುರಿನಿಂದ ಕೆರೆದರು. “ಹಾಕಬಾರದು. ಒಂದೊಂದ್ಸಲ ಹಾಕ್ಲೇಬೇಕು.”

“ಯಾವಾಗ ಅಂತ ಗೊತ್ತಾಗೋದು ಹೇಗೆ ಸರ್?”

“ಅದು ಗೊತ್ತಿದ್ರೆ ಮೊದಲ ದಿನವೇ ನಿಮಗೆಲ್ಲ ಹೇಳಿಬಿಡ್ತಿದ್ದೆನಮ್ಮ,” ಅಂದರು. ಅವರಿಗೂ ಗೊತ್ತಿರಲ್ಲ ಎಂದು ಗಂಡ ಹೇಳಿದ್ದು ತಮಾಷೆಯಲ್ಲ, ನಿಜವೇ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದು ಏನು ಬಂತು? ಕೈ ಹಾಕುವುದೋ ಬಿಡುವುದೋ ಎಂಬ ಪ್ರಶ್ನೆ ಇದ್ದಲ್ಲೇ ಇತ್ತು.

ಮುಂದಿನ ವಾರ ಜೇಡಿಮಣ್ಣಿನ ಪಾಠ. ಈ ಸಲ ಏನೇ ಆಗಲಿ ಮುಟ್ಟುವುದಿಲ್ಲ ಎಂದು ನಿರ್ಧರಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ಸಾಲುಗಳ ನಡುವೆ ಓಡಾಡಿದಳು. ಗುಬ್ಬಿ ಉದ್ದ ಕತ್ತಿನ ಪ್ರಾಣಿಯೊಂದನ್ನು ಮಾಡುತ್ತಿದ್ದಳು. ಕತ್ತು ನಿಲ್ಲುತ್ತಿರಲಿಲ್ಲ. ಎತ್ತಿ ನಿಲ್ಲಿಸಿದಂತೆಲ್ಲ ಬಾಗುತ್ತಿತ್ತು. ಕತ್ತರಿ ಅಕ್ಕನ ಬೆರಳುಗಳು ಬೆನ್ನ ಹಿಂದೆ ತುರಿಸಿದವು. ಬಾಗಿದ ಕತ್ತೇ ಇರಬಹುದು, ನೀರು ಕುಡಿಯುವ ಪ್ರಾಣಿಯಿರಬಹುದು, ಯಾರಿಗೆ ಗೊತ್ತು? ತುಟಿ ಬಿಗಿಹಿಡಿದು ನೋಡುತ್ತಾ ನಿಂತಳು. ಕತ್ತು ಮುರಿದು ನೆಲಕ್ಕೆ ಬಿತ್ತು.

ಗುಬ್ಬಿ ಸೊಂಟದ ಮೇಲೆ ಮಣ್ಣು ಕೈ ಇಟ್ಟುಕೊಂಡಳು. “ಮಿಸ್! ಸುಮ್ನೆ ನೋಡ್ತಾ ನಿಂತಿದ್ದೀರಲ್ಲ! ಹಿಡ್ಕೊಳ್ಳೋಕೆ ಆಗಲ್ವಾ?”

“ನೀನು ಹೇಳ್ಲಿಲ್ವಲ್ಲ ಪುಟ್ಟಿ.”

“ಅವತ್ತು ಹೇಳ್ದೆ ಇದ್ರೂ ಕಣ್ಣು ಮಾಡಿದ್ರಿ. ಇವತ್ತು ಯಾಕೆ ಹಿಡ್ಕೊಳ್ಳಲ್ಲ?”

ಅವಳು ನೆಲದ ಮೇಲೆ ಕೂತು, ಬಿದ್ದ ಕತ್ತನ್ನು ಎತ್ತಿ ಹಿಡಿದುಕೊಂಡಳು. “ಗಟ್ಟಿ ಹಿಡೀಬೇಡಿ,” ಎಂದು ಗುಬ್ಬಿ ಗದರಿಸಿದಳು. ಸಡಿಲ ಬಿಟ್ಟರೆ, “ಬಿಡಬೇಡಿ” ಎಂದಳು. ಅಂತೂ ಕತ್ತು ನಿಂತಿತು. ಪ್ರಾಣಿ ಯಾವುದು ಎಂದು ಕೇಳಿದರೆ, “ಇನ್ನೂ ಗೊತ್ತಾಗಿಲ್ಲ,” ಎಂದಳು ಗುಬ್ಬಿ.

ತರಬೇತಿ ಮುಗಿಯಿತು, ಕತ್ತರಿ ಅಕ್ಕ ಪಾಸಾದಳು. ಬಸ್ಸಿಳಿದು ಸ್ವಲ್ಪ ದೂರ ನಡೆಯಬೇಕಾದ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ತನ್ನದೇ ತರಗತಿಯ ಮೊದಲ ಚಿತ್ರಪಾಠದ ದಿನ, ಒಬ್ಬಳು ಹುಡುಗಿ ಹಾಳೆಯ ಮೂಲೆಯಲ್ಲಿ ಒಂದೇ ಒಂದು ಹಸಿರು ಚುಕ್ಕಿ ಇಟ್ಟು ಮೇಜಿನ ಹತ್ತಿರ ಬಂದಳು.

“ಮಿಸ್, ಮುಗೀತಾ ಇದು?”

ಕತ್ತರಿ ಅಕ್ಕ ಚುಕ್ಕಿಯನ್ನು ನೋಡಿದಳು. ಹುಡುಗಿಯ ಮುಖ ನೋಡಿದಳು. ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿದಳು.

“ನಂಗೂ ಗೊತ್ತಾಗ್ತಿಲ್ಲ ಕಣೇ,” ಅಂದಳು. “ಬಾ, ಕೂತ್ಕೋ. ಇಬ್ರೂ ಸ್ವಲ್ಪ ಹೊತ್ತು ನೋಡೋಣ.”