ಆರು ವರ್ಷ ನಾನೇ ಹಂಚಿದ ಎಲೆ

ಕಾಕಾ ಅವರ ಕೈಬೆರಳುಗಳು ಬಾಣಂತಿಯ ಬೆರಳಿನಷ್ಟು ಮೆತ್ತಗಿದ್ದವು. ಜೋಳ ಕೊಯ್ದು, ಹಗ್ಗ ಜಗ್ಗಿ ಅಂಗೈ ಬಿರಿದವರೇ ತುಂಬಿದ, ಕನ್ನಡ ಮರಾಠಿ ಎರಡನ್ನೂ ಆಡುವ ಗಡಿಯೂರು ವಳಸಂಗದಲ್ಲಿ ಅಂಥ ಕೈ ಇದ್ದದ್ದು ಅವರೊಬ್ಬರಿಗೇ. ಊಟವಾದ ಮೇಲೆ ಬೆರಳ ತುದಿಗಳಿಗೆ ಶೇಂಗಾ ಎಣ್ಣೆ ಹಚ್ಚಿ ಒಂದೊಂದನ್ನೇ ತಿಕ್ಕುತ್ತ ಕೂರುತ್ತಿದ್ದರು. ಕನ್ನಡ ಶಾಲೆಗೆ ಶಿಕ್ಷಕಿಯಾಗಿ ಹೋಗಿ ಅವರ ಮನೆಯ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದ ನಾನು, ಇವರು ತಬಲಾ ಬಾರಿಸುವವರೇನೋ ಅಂದುಕೊಂಡಿದ್ದೆ. ಎದುರುಮನೆಯಾಕೆ ಕೇಳಿ ನಕ್ಕಳು.

"ಇಸ್ಪೀಟ ಎಲಿ ಆಡಿಸಿ ಮಂದೀನ ಮುಳುಗಿಸಿದ ಕೈ ಅವು, ಬಾಯಾರ. ಟ್ರಂಕಿಗಿ ಕೀಲಿ ಹಾಕ್ಕೊಳ್ರಿ."

ಅವತ್ತೇ ಜತ್ತಿಗೆ ಹೋಗಿ ಕೀಲಿ ತಂದೆ. ಅದನ್ನು ನೋಡಿದ ಕಾಕಾ, "ಇದು ಮೊಳಿಗೂ ತೆರೀತೈತ್ರಿ, ಬದಲಿಸ್ರಿ" ಎಂದರು. ನನಗೆ ನಾಚಿಕೆಯಾಯಿತು. ಆದರೂ ಬದಲಿಸಿದೆ.

ಹೆಂಡತಿ ಎಂದೋ ತವರಿಗೆ ಹೋದವಳು ಮರಳಿರಲಿಲ್ಲ. ಊರಿನವರು ಅವರ ಮಾತು ಯಾವುದನ್ನೂ ನಂಬುತ್ತಿರಲಿಲ್ಲ. "ನಿಮ್ಮ ಬಣವ್ಯಾಗ ಹಾವ ಐತಿ" ಎಂದು ಕೂಗಿದರೆ, ಬಣವೆ ಬಿಟ್ಟು ಮೊದಲು ಅವರ ಕೈ ಎಲ್ಲಿದೆ ಎಂದು ನೋಡುವರು. ಇಳಿಹೊತ್ತಿನಲ್ಲಿ ಕಾಕಾ ಪಡಸಾಲೆಯಲ್ಲಿ ಚಾಪೆ ಹಾಸಿ ನಾಲ್ಕು ಮಂದಿಗೆ ಇಸ್ಪೀಟು ಹಂಚಿ, ನಾಲ್ವರ ಆಟವನ್ನೂ ತಾವೊಬ್ಬರೇ ಆಡುತ್ತಿದ್ದರು. ಆ ಮೂರು ಖಾಲಿ ಜಾಗ ನೋಡಲಾರದೆ ಒಂದು ದಿನ ನಾನೇ ಹೋಗಿ ಕೂತೆ.

ಪಣಕ್ಕೆ ಹುಣಸೆಬೀಜ. ನನ್ನದೊಂದೇ ಷರತ್ತು: ಎಲೆ ಕಲಸಿ ಹಂಚುವವಳು ನಾನೇ. ಅವರು ನಕ್ಕು ಒಪ್ಪಿದರು. ಆದರೆ ವಾರಕ್ಕೊಮ್ಮೆಯಾದರೂ, "ಒಂದ ಸಲ ನಾ ಹಂಚಲೇನ್ರಿ ಬಾಯಾರ?" ಎಂದು ಕೇಳುವರು.

"ಬ್ಯಾಡ್ರಿ ಕಾಕಾ."

ಆರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಅವರು ಗೆದ್ದರೆ ಕೈಚಳಕ ಅಂದುಕೊಳ್ಳುತ್ತಿದ್ದೆ, ಸೋತರೆ ಬೇಕೆಂದೇ ಸೋತರು ಅಂದುಕೊಳ್ಳುತ್ತಿದ್ದೆ. ಆಟದುದ್ದಕ್ಕೂ ನನ್ನ ಕಣ್ಣು ಅವರ ಬೆರಳ ಮೇಲೆಯೇ.

ತಮ್ಮ ಕಸುಬಿನ ಗುಟ್ಟನ್ನು ಅವರೇ ಹೇಳಿದರು. ಬಿಳಿ ಟೊಪ್ಪಿಗೆ, ಧೋತರ, ಬಾಯಲ್ಲಿ ಬರೀ ಮರಾಠಿ. ಡಫಳಾಪುರದ ಸಂತೆಯಲ್ಲೋ ಜತ್ತಿನ ಸಂತೆಯಲ್ಲೋ ಗೋಣಿ ಹಾಸಿ ಮೂರು ಎಲೆ ಬೋರಲು ಹಾಕುವುದು. ರಾಣಿ ಯಾವುದೆಂದು ಹೇಳಿದವರು ಗೆದ್ದಂತೆ. ರಾಣಿಯ ಮೂಲೆಯನ್ನು ತಾವೇ ತುಸು ಮಡಚಿ, ಗೊತ್ತೇ ಇಲ್ಲದವರಂತೆ ಕೂರುವರು. ಮಡಿಕೆ ನೋಡಿದವರು ಅವರೆದುರೇ ಕನ್ನಡದಲ್ಲಿ ಹಂಚಿಕೆ ಹಾಕುವರು.

"ಇಲ್ಲಿ ಎಲ್ಲಾರಿಗೂ ಎರಡೂ ಭಾಷಾ ಬರತಾವ್ರಿ. ಆದ್ರ ಟೊಪ್ಪಿಗಿ ನೋಡಿ, ಈ ಮುದುಕಗ ಒಂದ ಬರತೈತಿ ಅಂತ ತಿಳೀತಿದ್ರು. ಅದ ನನ್ನ ಅನ್ನ."

ಕೇಳಿಸಿಕೊಂಡು, ಮುಂದಿನ ಸಲ ಎಲೆ ತಿರುವುವಾಗ ಆ ಮಡಿಕೆ ಬಿಚ್ಚಿ ಬೇರೆ ಎಲೆಯನ್ನು ಮಡಚಿಬಿಡುತ್ತಿದ್ದರು. ಸಂತೆಯಲ್ಲಿ ಕನ್ನಡ ಆಡುವಂತಿರಲಿಲ್ಲ. ಊರಿಗೆ ಬಂದರೆ ಆಡಲು ಯಾರೂ ಇರಲಿಲ್ಲ.

ಒಮ್ಮೆ ಕುಣಿಕೋಣೂರಿನ ಗಂಡಹೆಂಡಿರು ನಿಂತಿದ್ದರಂತೆ. ಗಂಡ ಮಡಿಕೆ ಕಂಡು ಹಿಗ್ಗಿದ. ಹೆಂಡತಿ ಅವನ ತೋಳು ಜಗ್ಗಿ, "ಬ್ಯಾಡ ಬರ್ರಿ, ಪಾಪ ಮುದುಕಾ, ಅವನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ" ಅಂದಳು. ಅವನು ಕೇಳಲಿಲ್ಲ. ಕೊನೆಗೆ ಅವಳ ಕಿವಿಯ ಬೆಂಡೋಲೆಗಳೂ ಗೋಣಿಯ ಮೇಲೆ ಬಂದವು.

"'ಹೌದವ್ವಾ, ನಿನ್ನ ಗಂಡನ್ನ ಕರಕೊಂಡ ಹೋಗು' ಅನ್ನೂ ಮಾತು ನಾಲಿಗಿ ತುದಿಗಿ ಬಂದಿತ್ರಿ. ಅನ್ನಲಿಲ್ಲ. ಬೆಂಡೋಲಿ ನಾ ಎತಕೊಂಡ್ಯಾ."

"ತಿರುಗಿ ಕೊಡಲಿಲ್ಲೇನ್ರಿ?"

"ಆಕೀನ ನಾ ಹುಡುಕ್ಯಾಡಿದ್ಯಾ. ಸಿಗಲಿಲ್ಲ. ಯಾರಿಗಿ ಕೇಳಿದ್ರೂ, ಇವಂದು ಮತ್ತ ಏನೋ ಆಟ ಐತಿ ಅಂದ್ರು."

ಆಮೇಲೆ ಅವರು ಸಂತೆಗೆ ಗೋಣಿ ಒಯ್ಯಲಿಲ್ಲವಂತೆ. ಈ ಮಾತನ್ನೂ ನಾನು ಅರ್ಧವೇ ನಂಬಿದ್ದೆ.

ಹೋದ ವರ್ಷ ಅವರ ಎದೆ ಕೆಟ್ಟಿತು. ಮಿರಜಿನ ಆಸ್ಪತ್ರೆಗೆ ಸೇರಿಸಿದಾಗ ಜೊತೆಗಿದ್ದವಳು ನಾನೊಬ್ಬಳೇ. ಅವರಿಗೆ ಎರಡೂ ಭಾಷೆ ಬರುತ್ತವೆಂದು ತಿಳಿದ ಡಾಕ್ಟರು, ಅವರ ಮಂಚದ ಪಕ್ಕದಲ್ಲೇ ನಿಂತು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಇನ್ನು ನಾಲ್ಕಾರು ದಿನ, ಅಷ್ಟೆ. ಕಾಕಾ ಇಬ್ಬರ ಮುಖವನ್ನೂ ನೋಡಿದರು.

"ಏನಂತರಿ ಬಾಯಾರ?"

"ಲಗೂನ ಆರಾಮ ಆಗತೈತಂತ್ರಿ."

"ನೀವು ಅಂದ್ರಂದ್ರ ಖರೇನ ಇರಬೇಕು" ಎಂದು ಕಣ್ಣು ಮುಚ್ಚಿದರು.

ಊರಿಗೆ ಹೋಗಿ, ಮರುದಿನ ಇಸ್ಪೀಟಿನ ಕಟ್ಟು ತಂದು ಅವರ ಕೈಯಲ್ಲಿಟ್ಟೆ.

"ಇವತ್ತ ನೀವ ಹಂಚ್ರಿ ಕಾಕಾ."

ಬೆರಳುಗಳು ಕಟ್ಟಿನ ಮೇಲೆ ಹಾಗೇ ನಿಂತವು. ಬಹಳ ಹೊತ್ತು ನನ್ನನ್ನೇ ನೋಡಿದರು. ಸಂತೆಯಲ್ಲಿ ಸಾವಿರ ಮುಖ ಓದಿದವರ ಮುಂದೆ ನಾನೇ ಎಲೆ ಮಗುಚಿಬಿಟ್ಟಿದ್ದೆ.

"ಡಾಕ್ಟರು ಅಂದಿದ್ದು ಇದನೇನ್ರಿ?"

ನಾನು ಅವರ ಹೊದಿಕೆಯ ಅಂಚು ಸರಿಪಡಿಸಿದೆ.

"ಇರ್ಲಿ ಬಿಡ್ರಿ" ಎಂದು ಎದ್ದು ಕೂತು ಎಲೆ ಕಲಸತೊಡಗಿದರು. ಎರಡು ಎಲೆ ಜಾರಿ ನೆಲಕ್ಕೆ ಬಿದ್ದವು. ಹೆಕ್ಕಿ ಕೊಟ್ಟೆ. ನಾನು ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಎಲೆ ಹಂಚುವ ಸದ್ದು ನಿಂತಿತು.

"ದಿನದಂಗ ಬೆರಳ ನೋಡ್ರಿ ಬಾಯಾರ. ನೀವು ನೋಡಲಿಲ್ಲಂದ್ರ ನನಗ ಅಂಜಿಕಿ ಆಗತೈತಿ."

ಕಣ್ಣೊರೆಸಿಕೊಂಡು ಅವರ ಬೆರಳು ನೋಡುತ್ತ ಕೂತೆ. ಮೂರನೆಯ ದಿನ ಅವರು ಹೋದರು.